ಬಿ.ಇ. ಆದಮೇಲೆ ಪಿಎಚ್.ಡಿ. ದಾರಿಯೂ ಇದೆ, ಮನೆಯವರಿಗೆ ತಿಳಿಸಿ

ಮಾನ್ಯ ಸಂಪಾದಕರೇ,

ನಾನು ಚಿತ್ರದುರ್ಗ ಜಿಲ್ಲೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮೊನ್ನೆ ಕೊನೆ ವರ್ಷದ ವಿದ್ಯಾರ್ಥಿನಿಯೊಬ್ಬಳ ತಂದೆ ಬಂದಿದ್ದರು. ಮಗಳಿಗೆ ಇನ್ನೂ ಓದುವ ಆಸೆ ಇದೆ, ಪಿಎಚ್.ಡಿ.ಗೆ ಕಳಿಸಿ ಅಂದೆ. "ಇನ್ನೂ ಐದು ವರ್ಷ ಫೀಸು ಕಟ್ಟೋಕೆ ನಮ್ಮ ಕೈಲಿ ಆಗಲ್ಲ ಮೇಡಂ" ಅಂದರು. ತಿಂಗಳು ತಿಂಗಳು ಅವಳಿಗೇ ದುಡ್ಡು ಕೊಡುತ್ತಾರೆ ಅಂತ ಹೇಳಿದರೆ ನಂಬಲಿಲ್ಲ. ಕೊನೆಗೆ ಒಂದು ಹಾಳೆಯಲ್ಲಿ ಬರೆಸಿಕೊಂಡು ಹೋದರು, ಮನೆಯಲ್ಲಿ ತೋರಿಸಲಿಕ್ಕೆ. ಅದರಲ್ಲಿ ಬರೆದುಕೊಟ್ಟದ್ದನ್ನು ನಿಮ್ಮ ಓದುಗರಿಗೂ ಹೇಳಬೇಕು ಅನ್ನಿಸಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂಜಿನಿಯರಿಂಗ್ ವಿಭಾಗಗಳಿಗೆ ಎಂ.ಟೆಕ್. ಮಾಡದೆ, ಬಿ.ಇ. ಮುಗಿಸಿ ನೇರವಾಗಿ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು. ಗೇಟ್ ಅಂದರೆ ಎಂಜಿನಿಯರಿಂಗ್ ಉನ್ನತ ಓದಿಗೆ ದೇಶಮಟ್ಟದಲ್ಲಿ ನಡೆಯುವ ಪರೀಕ್ಷೆ, ಅದರ ಅಂಕ ಬೇಕು, ಆಮೇಲೆ ಸಂದರ್ಶನ. ಐಐಟಿ, ಎನ್‌ಐಟಿಗಳಲ್ಲೂ ಒಳ್ಳೆಯ ಅಂಕ ಇದ್ದವರಿಗೆ ಈ ದಾರಿ ಇದೆ. ನಿಯಮ ಮಾತ್ರ ಒಂದೊಂದು ಕಡೆ ಒಂದೊಂದು ಥರ. ಗೇಟ್ ಪರೀಕ್ಷೆಯನ್ನು ಬಿ.ಇ. ಮೂರನೇ ವರ್ಷದಲ್ಲೇ ಬರೆಯಬಹುದು, ಅಂಕ ಮೂರು ವರ್ಷ ನಡೆಯುತ್ತದೆ. ಇನ್ನು ಸ್ಟೈಪೆಂಡ್, ಅಂದರೆ ಓದುವಾಗ ತಿಂಗಳು ತಿಂಗಳು ಕೊಡುವ ದುಡ್ಡು: ಕೇಂದ್ರ ಸರ್ಕಾರ 2023ರ ಜನವರಿಯಿಂದ ಮಾಡಿದ ದರದ ಪ್ರಕಾರ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಫೀಸು ಇರುತ್ತದೆ, ಆದರೆ ಬರುವ ದುಡ್ಡಿನ ಮುಂದೆ ಅದು ಸಣ್ಣದು. ನಮ್ಮೂರಿನಿಂದ ಬೆಂಗಳೂರಿಗೆ ಹೋಗಿ ಮೊದಲ ಕೆಲಸದಲ್ಲಿ ಇದಕ್ಕಿಂತ ಕಡಿಮೆ ಸಂಬಳಕ್ಕೆ ದುಡಿಯುವ ಹುಡುಗರನ್ನು ನಾನೇ ನೋಡಿದ್ದೇನೆ.

ಇದು ಸುಲಭದ ದಾರಿ ಅಂತ ನಾನು ಹೇಳುವುದಿಲ್ಲ. ಐದಾರು ವರ್ಷ ಹಿಡಿಯುತ್ತದೆ. ಕೆಲವು ಕಡೆ ಸ್ಟೈಪೆಂಡ್ ತಿಂಗಳುಗಟ್ಟಲೆ ತಡವಾಗುತ್ತದೆ. ಸಂಶೋಧನೆಗೆ ದಾರಿ ತೋರಿಸುವ ಗೈಡ್ ಜೊತೆ ಹೊಂದಿಕೆ ಆಗದಿದ್ದರೆ ತುಂಬಾ ಕಷ್ಟ. ಸೇರುವ ಮೊದಲು ಆ ಲ್ಯಾಬಿನ ಹಳೆಯ ವಿದ್ಯಾರ್ಥಿಗಳನ್ನು ಮಾತಾಡಿಸಿ ಅಂತ ನಮ್ಮ ಮಕ್ಕಳಿಗೆ ಯಾವಾಗಲೂ ಹೇಳುತ್ತೇನೆ.

ಆದರೂ ಇವರು ಹೋಗಬೇಕು. ಯಾಕೆಂದರೆ ನಮ್ಮ ಕಡೆಯ ಸಮಸ್ಯೆಗಳು ಇವರಿಗೆ ಗೊತ್ತು. ಇಲ್ಲಿ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಊರೂರಿಗೂ ಶುದ್ಧ ನೀರಿನ ಘಟಕ ಬಂದಿದೆ, ಸರಿ. ಆದರೆ ಆ ಯಂತ್ರ ಫ್ಲೋರೈಡ್ ಸಮೇತ ಹೊರಗೆ ಬಿಡುವ ನೀರು ಎಲ್ಲಿಗೆ ಹೋಗಬೇಕು? ಪಕ್ಕದ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ನೀರೇ ಇಲ್ಲದ ಸೀಮೆಯಲ್ಲಿ ಅಷ್ಟೊಂದು ಫಲಕಗಳ ಧೂಳು ತೆಗೆಯುವುದು ಹೇಗೆ? ಒಂದೊಂದೂ ಪಿಎಚ್.ಡಿ. ಮಾಡುವಷ್ಟು ದೊಡ್ಡ ಪ್ರಶ್ನೆ. ಹಿಂದೆ ಇದೇ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ಅವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಅಂತ ಕೇಂದ್ರ ಶುರು ಮಾಡಿದರು. ಅಲ್ಲಿಂದ ಬಂದದ್ದೇ ಕಡಿಮೆ ಸೌದೆ, ಕಡಿಮೆ ಹೊಗೆಯ ಅಸ್ತ್ರ ಒಲೆ. ಅಡುಗೆಮನೆ ಹೊಗೆಯೂ ಸಂಶೋಧನೆಯ ವಿಷಯ ಆಗಬಹುದು ಅಂತ ನಮ್ಮ ಹುಡುಗಿಯರಿಗೆ ಯಾರಾದರೂ ಹೇಳಬೇಕಲ್ವಾ?

ಬೇಜಾರಿನ ಸಂಗತಿ ಏನೆಂದರೆ, ಅದೇ ಸಂಸ್ಥೆಯ ಎರಡನೇ ಕ್ಯಾಂಪಸ್ ನಮ್ಮ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲೇ ಇದೆ, 1,500 ಎಕರೆಯಲ್ಲಿ. ಅದರ ಬೇಲಿ ಪಕ್ಕದಲ್ಲೇ ಬಸ್ಸಿನಲ್ಲಿ ಓಡಾಡುವ ಮಕ್ಕಳಿಗೆ ಆ ಸಂಸ್ಥೆಗೆ ತಾವೂ ಸೇರಬಹುದು ಅನ್ನುವುದು ಗೊತ್ತಿಲ್ಲ. ಕಾಲೇಜುಗಳು ಪ್ಲೇಸ್‌ಮೆಂಟ್ ಬಗ್ಗೆ ಮಾತ್ರ ಹೇಳುತ್ತವೆ. ಪಿಎಚ್.ಡಿ. ಪ್ರಕಟಣೆಗಳೆಲ್ಲ ಇಂಗ್ಲಿಷಿನಲ್ಲಿ, ಅದೂ ವೆಬ್‌ಸೈಟಿನ ಯಾವುದೋ ಮೂಲೆಯಲ್ಲಿ.

ನಿಮ್ಮ ಪತ್ರಿಕೆಯಲ್ಲಿ ವಾರವಾರ ಉದ್ಯೋಗ ಮಾಹಿತಿ ಬರುತ್ತದೆ. ಅದರ ಪಕ್ಕದಲ್ಲೇ ಪಿಎಚ್.ಡಿ. ಪ್ರವೇಶದ ದಿನಾಂಕ, ಸ್ಟೈಪೆಂಡ್, ಯಾರು ಅರ್ಜಿ ಹಾಕಬಹುದು ಅನ್ನುವುದನ್ನು ಸರಳ ಕನ್ನಡದಲ್ಲಿ ಹಾಕಿ. ಮನೆಯಲ್ಲಿ ಪತ್ರಿಕೆ ಓದುವವರು ತಂದೆತಾಯಿಯೇ. ಗೇಟ್ ನೋಂದಣಿ ಸಾಮಾನ್ಯವಾಗಿ ಆಗಸ್ಟ್ ಕೊನೆಗೆ ಶುರುವಾಗುತ್ತದೆ. ಅದಕ್ಕೆ ಮುಂಚೆ ಒಂದು ಸಲ ಬಂದರೂ ಸಾಕು, ಈ ವರ್ಷದ ಮಕ್ಕಳಿಗೆ ಸಿಗುತ್ತದೆ.

ಇತಿ,
ಒಬ್ಬ ಉಪನ್ಯಾಸಕಿ, ಚಿತ್ರದುರ್ಗ ಜಿಲ್ಲೆ