ಕಾಗದದ ಲೋಟದ ಕಾಫಿಯ ಕುರಿತು

ಮಾನ್ಯ ಸದಸ್ಯರೇ,

ಚಿಕ್ಕಮಗಳೂರಿನ ನಮ್ಮ ಬಡಾವಣೆಯ ಕಳೆದ ಸಭೆಯಲ್ಲಿ ಕಾಫಿ ಕುಡಿದ ಕಾಗದದ ಲೋಟವೊಂದನ್ನು ಹರಿದು ನೋಡಿದಾಗ, ಒಳಮೈಗೆ ಅಂಟಿದ್ದ ತೆಳ್ಳನೆಯ ಪ್ಲಾಸ್ಟಿಕ್ ಪದರವು ಉಗುರಿಗೆ ಸಿಪ್ಪೆಯಂತೆ ಎದ್ದು ಬಂದಿತು. ಇಂತಹ ಲೋಟದಲ್ಲಿ 100 ಮಿಲಿಲೀಟರ್ ಬಿಸಿನೀರು 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದರಲ್ಲಿ ಸೇರುತ್ತವೆ ಎಂದು ಖರಗ್‌ಪುರದ ಐಐಟಿ ಸಂಶೋಧಕರು 2020ರಲ್ಲಿಯೇ ತಿಳಿಸಿದ್ದಾರೆ.

2022ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್‌ನ ಅಧ್ಯಯನದಲ್ಲಿ ಪರೀಕ್ಷಿಸಿದ 22 ಜನರ ಪೈಕಿ 17 ಜನರ ರಕ್ತದಲ್ಲಿ ಪ್ಲಾಸ್ಟಿಕ್ ಕಣಗಳು ಸಿಕ್ಕವು. 2024ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವು, ಕತ್ತಿನ ರಕ್ತನಾಳದಿಂದ ತೆಗೆದ ಕೊಬ್ಬಿನ ಗಡ್ಡೆಯಲ್ಲಿ ಇಂತಹ ಕಣಗಳಿದ್ದ ರೋಗಿಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಸಂಭವವು ಉಳಿದವರಿಗಿಂತ ಸುಮಾರು ನಾಲ್ಕೂವರೆ ಪಟ್ಟು ಹೆಚ್ಚಿತ್ತೆಂದು ಹೇಳುತ್ತದೆ. ಕಣಗಳೇ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಪೂರ್ಣ ಸಾಕ್ಷ್ಯ ಸಿಗುವವರೆಗೆ ಕಾಯುವುದು ನನಗೆ ಸರಿಯೆನಿಸುವುದಿಲ್ಲ, ಅದರಲ್ಲೂ ಮನೆಯಲ್ಲಿ ಚಿಕ್ಕ ಮಕ್ಕಳಿರುವಾಗ.

ಆದ್ದರಿಂದ ಮುಂದಿನ ಸಭೆಗೆ ದಯವಿಟ್ಟು ತಮ್ಮ ಮನೆಯ ಸ್ಟೀಲ್ ಲೋಟವನ್ನು ತನ್ನಿರಿ. ನಮ್ಮ ಬೆಟ್ಟಗಳಲ್ಲೇ ಬೆಳೆದ ಕಾಫಿಯನ್ನು ಅದರಲ್ಲೇ ಕುಡಿಯೋಣ. ಹೋಟೆಲಿನಿಂದ ಬಿಸಿ ಸಾಂಬಾರನ್ನು ತೆಳು ಕವರಿನಲ್ಲಿ ಕಟ್ಟಿಸಿಕೊಳ್ಳುವ ಬದಲು ಡಬ್ಬಿಯೊಂದನ್ನು ಒಯ್ಯಬೇಕೆಂದೂ ವಿನಂತಿ.