ಪಾಲಕರ ಗುಂಪಿನ ಗಮನಕ್ಕೆ

ನಮಸ್ಕಾರ. ಶಿರಸಿಯ ಸಭೆಯಲ್ಲಿ ಒಬ್ಬರು, 'ಅಂಗವಿಕಲ ಮಕ್ಕಳಿಗೆ ಹೊಡೆಯುವವರೂ ಇರುತ್ತಾರೆಯೇ?' ಎಂದು ಕೇಳಿದರು. ಇರುತ್ತಾರೆ, ಹೆಚ್ಚಾಗಿ ಹತ್ತಿರದವರೇ. ಊಟ, ಸ್ನಾನ, ಶೌಚಕ್ಕೆ ಬೇಕಾದ ಕೈಯೇ ಹೊಡೆಯಲು ಮೇಲೆದ್ದರೆ ಮಗು ಯಾರಿಗೆ ಹೇಳಬೇಕು? ಮಾತು ಬಾರದ ಮಗುವಿನ ಮೈಮೇಲಿನ ಬಾಸುಂಡೆಯನ್ನು 'ಎಲ್ಲೋ ಬಿದ್ದಿರಬೇಕು' ಎಂದು ನಾವೇ ತಳ್ಳಿಹಾಕುತ್ತೇವೆ. ಹೇಳಬಲ್ಲವರನ್ನೂ ನಂಬುವವರು ಕಡಿಮೆ. ಘಟ್ಟದ ಒಂಟಿ ಮನೆಗಳಲ್ಲಂತೂ ಕೂಗು ಕೇಳುವುದು ಅಡಿಕೆ ತೋಟಕ್ಕೆ ಮಾತ್ರ.

ಇಂಥ ಮಕ್ಕಳು ಹಿಂಸೆಗೆ ಗುರಿಯಾಗುವ ಸಂಭವ ಇತರರಿಗಿಂತ ಸುಮಾರು ನಾಲ್ಕು ಪಟ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲೇ ಹೇಳಿದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 7ನೇ ಕಲಮಿನಂತೆ ಕಾರ್ಯನಿರ್ವಾಹಕ ದಂಡಾಧಿಕಾರಿಗೆ (ತಾಲ್ಲೂಕಿನಲ್ಲಿ ಸಾಮಾನ್ಯವಾಗಿ ತಹಶೀಲ್ದಾರರು) ಯಾರು ಬೇಕಾದರೂ ಮಾಹಿತಿ ಕೊಡಬಹುದು, ನೆರೆಮನೆಯವರೂ ಸರಿ. ತುರ್ತಿದ್ದರೆ 112, ಮಕ್ಕಳ ವಿಷಯವಾದರೆ 1098. ಮಗುವಿನ ಹೆಸರು, ಫೋಟೋ ಮಾತ್ರ ಈ ಗುಂಪಿನಲ್ಲಿ ಹಾಕಬೇಡಿ.