ಹೊಗೆ ಬಿಡುವ ಮೊದಲು ಜ್ವರದ ತಾರೀಕು ಕೇಳಿ

ಸಂಪಾದಕರೇ,

ಹಳ್ಳಿಯಲ್ಲಿ ಜ್ವರ ಹಬ್ಬಿದ ಸುದ್ದಿ ಬಂದಾಗಲೆಲ್ಲ ಅದರ ಜೊತೆ ಒಂದೇ ಥರದ ಫೋಟೊ ಇರುತ್ತದೆ. ಒಬ್ಬರು ಹೆಗಲಿಗೆ ಯಂತ್ರ ಹಾಕಿಕೊಂಡು ಓಣಿಯಲ್ಲಿ ಹೊಗೆ ಬಿಡುತ್ತಿರುತ್ತಾರೆ. ಮೇಲೆ ‘ನಿಗೂಢ ಜ್ವರ’ ಎಂಬ ತಲೆಬರಹ. ಎಷ್ಟೋ ಸಲ ಆ ಜ್ವರ ನಿಗೂಢವಾಗಿ ಉಳಿಯುವುದು ಯಾರೂ ಸರಿಯಾಗಿ ವಿಚಾರಿಸದೆ ಇರುವುದರಿಂದ. ಇಂಥ ಊರುಗಳಲ್ಲಿ ಹಲವು ವರ್ಷ ಮನೆ ಮನೆ ತಿರುಗಿ ರಕ್ತದ ಮಾದರಿ ತೆಗೆದವನು ನಾನು. ಅದಕ್ಕೇ ಈ ಪತ್ರ.

ತನಿಖೆ ಅಂದ ತಕ್ಷಣ ಎಲ್ಲರಿಗೂ ದೊಡ್ಡ ಲ್ಯಾಬು ಕಣ್ಣಿಗೆ ಬರುತ್ತದೆ. ಆದರೆ ಅದು ಶುರುವಾಗುವುದು ಬಾಗಿಲಲ್ಲಿ ನಿಂತು ಕೇಳುವ ಒಂದು ಪ್ರಶ್ನೆಯಿಂದ: ಜ್ವರ ಯಾವತ್ತು ಬಂತು? ಉತ್ತರ ಸುಲಭವಾಗಿ ಸಿಗುವುದಿಲ್ಲ. ಒಮ್ಮೆ ಒಬ್ಬ ಅಜ್ಜಿ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಬೆರಳು ಮಡಚಲೂ ಆಗುತ್ತಿರಲಿಲ್ಲ. ತಾರೀಕು ಗೊತ್ತಿಲ್ಲ ಅಂದರು. ಪಕ್ಕದಲ್ಲಿ ಕೂತು ಮಾತಾಡಿಸಿದೆ. ‘ಹಸು ಕರು ಹಾಕಿತಲ್ಲ, ಅದರ ಮಾರನೇ ದಿನ ಹಾಲು ಕರೆಯೋಕೆ ಕೂತವಳಿಗೆ ಏಳೋಕೇ ಆಗಲಿಲ್ಲಪ್ಪ’ ಅಂದರು. ಕರು ಹುಟ್ಟಿದ ದಿನ ಮನೆಯವರಿಗೆಲ್ಲ ನೆನಪಿತ್ತು. ಲೆಕ್ಕ ಹಾಕಿದರೆ, ಊರಿನಲ್ಲಿ ‘ಮೊದಲ ರೋಗಿ’ ಅಂತ ಬರೆದುಕೊಂಡಿದ್ದವರಿಗಿಂತ ಹನ್ನೆರಡು ದಿನ ಮೊದಲೇ ಆ ಅಜ್ಜಿ ಮಲಗಿದ್ದರು. ಅಲ್ಲಿಯವರೆಗೆ ನಾವು ಊರಿನ ಇನ್ನೊಂದು ತುದಿಯಲ್ಲಿ ಸೊಳ್ಳೆ ಹುಡುಕುತ್ತಿದ್ದೆವು.

ತಾರೀಕು ಯಾಕೆ ಅಷ್ಟು ಮುಖ್ಯ? ಡೆಂಗಿಯನ್ನೇ ತಗೊಳ್ಳಿ. ಜ್ವರ ಬಂದ ಮೊದಲ ಐದು ದಿನ ರಕ್ತದಲ್ಲಿ ವೈರಸ್ ಅಥವಾ ಅದರ ಎನ್‌ಎಸ್‌1 ಪ್ರೋಟೀನು ಸಿಗುತ್ತದೆ. ವೈರಸ್ ವಿರುದ್ಧ ನಮ್ಮ ಮೈ ತಯಾರಿಸುವ ಐಜಿಎಂ ಪ್ರತಿಕಾಯ ಚೆನ್ನಾಗಿ ಕಾಣಿಸುವುದು ಅದಾದ ಮೇಲೆ. ಎರಡನೇ ದಿನದ ರಕ್ತದಲ್ಲಿ ಬರೀ ಐಜಿಎಂ ನೋಡಿದರೆ, ಡೆಂಗಿ ಇದ್ದವರಿಗೂ ‘ನೆಗೆಟಿವ್’ ಅಂತ ಬರಬಹುದು. ಹತ್ತನೇ ದಿನದ ರಕ್ತದಲ್ಲಿ ಬರೀ ಎನ್‌ಎಸ್‌1 ನೋಡಿದರೂ ಅದೇ ಕಥೆ. ಶೀಷೆಯ ಮೇಲೆ ಜ್ವರ ಶುರುವಾದ ದಿನ ಬರೆಯದೆ ಕಳಿಸಿದರೆ ಲ್ಯಾಬಿನವರು ಏನು ಮಾಡಬೇಕು? ಇನ್ನೊಂದು ವಿಷಯ. ಸೊಳ್ಳೆ ಕಚ್ಚಿ ನಾಲ್ಕರಿಂದ ಹತ್ತು ದಿನಕ್ಕೆ ಡೆಂಗಿ ಜ್ವರ ಬರುತ್ತದೆ. ತಾರೀಕು ಗೊತ್ತಿದ್ದರೆ ಹಿಂದಕ್ಕೆ ಎಣಿಸಿ, ಆ ದಿನಗಳಲ್ಲಿ ರೋಗಿ ಎಲ್ಲಿದ್ದರು, ಮನೆಯಲ್ಲೋ, ಹೊಲದಲ್ಲೋ, ಪರಊರಲ್ಲೋ ಅಂತ ಕೇಳಬಹುದು. ಜ್ವರ ಬಂದ ಎಲ್ಲ ಮನೆಗಳಿಗೂ ಒಂದು ಹಾಳೆಯ ಮೇಲೆ ಚುಕ್ಕಿ ಇಟ್ಟು ನೋಡಿದರೆ, ಚುಕ್ಕಿಗಳು ಯಾವ ಕಡೆ ಗುಂಪು ಸೇರಿವೆ ಅನ್ನುವುದು ಕಣ್ಣಿಗೇ ಕಾಣುತ್ತದೆ.

ಅಲ್ಲಿಗೆ ಹೋಗಿ ನೀರಿನ ತೊಟ್ಟಿ ನೋಡಬೇಕು. ಟಾರ್ಚ್ ಬಿಟ್ಟರೆ ಮರಿಹುಳುಗಳು ನುಲಿಯುತ್ತಾ ತಳಕ್ಕೆ ಇಳಿಯುತ್ತವೆ. ಸ್ವಲ್ಪ ಹೊತ್ತು ಅಲ್ಲಾಡದೆ ಕಾದರೆ ಉಸಿರಾಡಲು ಮತ್ತೆ ಮೇಲೆ ಬರುತ್ತವೆ. ಅವಸರದಲ್ಲಿ ಇಣುಕಿ ‘ಇಲ್ಲಿ ಏನೂ ಇಲ್ಲ’ ಅಂತ ಬರೆದುಕೊಂಡು ಹೋದವರನ್ನು ನಾನು ನೋಡಿದ್ದೇನೆ. ಡೆಂಗಿ, ಚಿಕುನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಅಂಚಿನ ಸ್ವಲ್ಪ ಮೇಲೆ, ತೊಟ್ಟಿಯ ಗೋಡೆಗೆ. ಕಪ್ಪು ಚುಕ್ಕಿಯಷ್ಟು ಇರುತ್ತವೆ. ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ, ನೀರು ತಾಗಿದರೆ ಒಡೆದು ಮರಿ ಬರುತ್ತದೆ. ಹಾಗಾಗಿ ನೀರು ಚೆಲ್ಲಿದರೆ ಸಾಲದು, ಗೋಡೆ ತಿಕ್ಕಬೇಕು. ಹೊಗೆ ಸಾಯಿಸುವುದು ಹಾರುವ ಸೊಳ್ಳೆಯನ್ನು ಮಾತ್ರ. ನೀರಿನಲ್ಲಿರುವ ಹುಳುವಿಗೆ, ಗೋಡೆಗೆ ಅಂಟಿದ ಮೊಟ್ಟೆಗೆ ಅದರಿಂದ ಏನೂ ಆಗುವುದಿಲ್ಲ.

‘ಮಳೆಯೇ ಇಲ್ಲ, ಸೊಳ್ಳೆ ಎಲ್ಲಿಂದ ಬರಬೇಕು?’ ಅಂತ ಕೇಳುವವರೂ ಇದ್ದಾರೆ. 2004ರಲ್ಲಿ ಕೀನ್ಯಾದ ಲಾಮು ದ್ವೀಪದಲ್ಲಿ ಚಿಕುನ್‌ಗುನ್ಯಾ ಹಬ್ಬಿದ್ದು ಬರಗಾಲದಲ್ಲಿ. ನೀರಿಗೆ ತತ್ವಾರ ಬಂದಾಗ ಜನ ಇದ್ದ ನೀರನ್ನು ಬಹಳ ದಿನ ಕೂಡಿಟ್ಟುಕೊಳ್ಳುತ್ತಾರೆ, ಸೊಳ್ಳೆಗೆ ಅಷ್ಟೇ ಸಾಕು. ಆಮೇಲೆ ಮಾಡಿದ ರಕ್ತಪರೀಕ್ಷೆಯ ಸಮೀಕ್ಷೆಯಲ್ಲಿ ಅಲ್ಲಿನ ಸುಮಾರು ಮುಕ್ಕಾಲು ಪಾಲು ಜನರಿಗೆ ಸೋಂಕು ತಗುಲಿದ್ದು ಗೊತ್ತಾಯಿತು. ಇಂಥ ಜಾಗದಲ್ಲಿ ನೀರು ಕೂಡಿಟ್ಟವರನ್ನು ಬೈದು ಬರುವುದು ತಪ್ಪು. ಕುಡಿಯುವ ನೀರು ಸರಿಯಾಗಿ ಬಾರದಿದ್ದರೆ ಅವರು ಇನ್ನೇನು ಮಾಡಬೇಕು? ತನಿಖೆಯ ವರದಿಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅನ್ನುವುದೂ ಇರಬೇಕು.

ಎಲ್ಲ ಸೊಳ್ಳೆಜ್ವರವೂ ತೊಟ್ಟಿಯಿಂದಲೇ ಬರುವುದಿಲ್ಲ ಅನ್ನುವುದನ್ನೂ ಹೇಳಬೇಕು. ಜಪಾನೀಸ್ ಮಿದುಳು ಜ್ವರ ಹರಡುವ ಕ್ಯೂಲೆಕ್ಸ್ ಸೊಳ್ಳೆ ಬೆಳೆಯುವುದು ಭತ್ತದ ಗದ್ದೆಯಂಥ ನಿಂತ ನೀರಿನಲ್ಲಿ. ಕಚ್ಚುವುದು ಸಂಜೆ, ರಾತ್ರಿ. ವೈರಸ್ ಹೆಚ್ಚುವುದು ಹಂದಿ, ಕೊಕ್ಕರೆಗಳ ಮೈಯಲ್ಲಿ. ಸೋಂಕು ತಗುಲಿದ ಸುಮಾರು 250 ಜನರಲ್ಲಿ ಒಬ್ಬರಿಗೆ ಮಾತ್ರ ಕಾಯಿಲೆ ಜೋರಾಗುತ್ತದೆ. ಅಂದರೆ ಒಂದು ಮಗುವಿಗೆ ಫಿಟ್ಸ್ ಬರುವ ಹೊತ್ತಿಗೆ ಸುತ್ತ ಎಷ್ಟೋ ಜನರಿಗೆ ಸದ್ದಿಲ್ಲದೆ ಸೋಂಕು ತಗುಲಿರುತ್ತದೆ. ಆಫ್ರಿಕಾದ ರಿಫ್ಟ್ ಕಣಿವೆ ಜ್ವರದಲ್ಲಿ ಮನುಷ್ಯರಿಗೆ ಜ್ವರ ಬರುವ ಮೊದಲು ಕುರಿಗಳ ಗರ್ಭ ಹೋಗುತ್ತದೆ. ಕುರಿ ಕಾಯುವವರ ಮಾತು ಕೇಳಿಸಿಕೊಂಡರೆ ಕೆಲವು ವಾರ ಮೊದಲೇ ಎಚ್ಚರಾಗಬಹುದು.

ನನ್ನನ್ನು ಇವತ್ತಿಗೂ ಕಾಡುವುದು ಇನ್ನೊಂದು. ರಕ್ತ ತಗೊಂಡು ಹೋದ ಮೇಲೆ ನಾವು ವಾಪಸ್ ಹೋಗಿ ಹೇಳುವುದು ಬಹಳ ಕಮ್ಮಿ. ಆ ಅಜ್ಜಿಯ ಊರಿಗೆ ಮೂರು ತಿಂಗಳಾದ ಮೇಲೆ ಬೇರೆ ಕೆಲಸಕ್ಕೆ ಹೋಗಿದ್ದೆ. ಕೋಲು ಊರಿಕೊಂಡು ಬಂದು ‘ನನ್ನ ರಕ್ತದಾಗೆ ಏನಿತ್ತಪ್ಪ?’ ಅಂತ ಕೇಳಿದರು. ವರದಿ ಮೇಲಿನ ಕಚೇರಿಗೆ ಹೋಗಿತ್ತು, ನನ್ನ ಕೈಗೂ ಬಂದಿರಲಿಲ್ಲ. ಗೊತ್ತಿಲ್ಲ ಅಂದೆ. ಅವರು ಸುಮ್ನೆ ತಲೆ ಆಡಿಸಿ ಒಳಗೆ ಹೋದರು. ಮುಂದಿನ ಸಲ ಆ ಓಣಿಯಲ್ಲಿ ಯಾರಾದರೂ ರಕ್ತ ಕೊಡಲು ಕೈ ಚಾಚುತ್ತಾರಾ?

ನಿಮ್ಮ ವರದಿಗಾರರಲ್ಲಿ ನನ್ನ ಕೋರಿಕೆ ಇಷ್ಟೇ. ಜ್ವರದ ಊರಿಗೆ ಹೋದಾಗ ಹೊಗೆಯ ಫೋಟೊ ಜೊತೆ ಮೂರು ವಿಷಯ ಕೇಳಿ ಬರೆಯಿರಿ: ಮೊದಲ ಜ್ವರ ಯಾವತ್ತು ಬಂತು, ರಕ್ತ ಎಷ್ಟನೇ ದಿನ ತೆಗೆದರು, ಫಲಿತಾಂಶವನ್ನು ಆ ಮನೆಯವರಿಗೆ ಹೇಳಿದರಾ. ಒಂದು ತಿಂಗಳು ಬಿಟ್ಟು ಇನ್ನೊಮ್ಮೆ ಹೋಗಿ ಅದನ್ನೇ ಕೇಳಿ.

ಇತಿ,
ಒಬ್ಬ ನಿವೃತ್ತ ಲ್ಯಾಬ್ ಟೆಕ್ನಿಷಿಯನ್